ರಾ ಫೈಲು ತೆರೆಯದಿದ್ದರೆ ನಾನು ಮೊದಲು ಕೇಳುವ ಪ್ರಶ್ನೆ

ರಾ ಅಂದರೆ ಕ್ಯಾಮೆರಾ ಸೆನ್ಸರಿನ ಡೇಟಾ ಇರುವ, ಇನ್ನೂ ಚಿತ್ರವಾಗಿ ಸಂಸ್ಕರಿಸದ ಫೈಲು. ಫೋಟೋ ಎಡಿಟ್ ಮಾಡುವ ಲೈಟ್‌ರೂಮ್ ಸಾಫ್ಟ್‌ವೇರ್‌ಗೆ ಅದನ್ನು ಹಾಕುವಾಗ ಕೆಲವೊಮ್ಮೆ ಒಂದು ಸಂದೇಶ ಬರುತ್ತದೆ. ಈ ಫೈಲಿಗೆ ಬೆಂಬಲವಿಲ್ಲ, ಇಲ್ಲವೇ ಫೈಲು ಕೆಟ್ಟಿದೆ ಅಂತ. ಅದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬೆಂಬಲವಿಲ್ಲ ಅಂದರೆ ಫೋಟೋಗೆ ಏನೂ ಆಗಿಲ್ಲ, ಸಾಫ್ಟ್‌ವೇರ್ ಹಳೆಯದು ಅಷ್ಟೇ. ಕೆಟ್ಟಿದೆ ಅಂದರೆ ಮೆಮೊರಿ ಕಾರ್ಡನ್ನು ಮುಟ್ಟುವ ಮೊದಲೂ ಯೋಚಿಸಬೇಕು. ಇವೆರಡನ್ನೂ ಒಂದೇ ಸಾಲಿನಲ್ಲಿ ಕಟ್ಟಿ ಕೊಟ್ಟರೆ ಓದಿದವರು ಏನು ಮಾಡಬೇಕು?

ಬೇರೆಯವರು ತೆಗೆದ ಫೋಟೋಗಳನ್ನು ಎಡಿಟ್ ಮಾಡಿ ಕೊಡುವುದು ನನ್ನ ಕೆಲಸ. ಹಾಗಾಗಿ ಎಲ್ಲಾ ಥರದ ಕ್ಯಾಮೆರಾಗಳ ಫೈಲುಗಳೂ ನನ್ನ ಬಳಿಗೆ ಬರುತ್ತವೆ. ಜೊತೆಗೆ "ಇದು ತೆರೆಯುತ್ತಿಲ್ಲ, ಏನಾಗಿದೆ ನೋಡಿ" ಅನ್ನುವ ಫೋನುಗಳೂ ಬರುತ್ತವೆ. ಆಗ ನಾನು ಕೇಳುವ ಮೊದಲ ಪ್ರಶ್ನೆ ಒಂದೇ. ಆ ಕ್ಯಾಮೆರಾದ ಎಲ್ಲಾ ಫೈಲುಗಳೂ ತೆರೆಯುತ್ತಿಲ್ಲವೋ, ಅಥವಾ ಕೆಲವು ಮಾತ್ರವೋ? ಎಲ್ಲವೂ ಅಂದರೆ ನನ್ನ ಅನುಮಾನ ಸಾಫ್ಟ್‌ವೇರ್ ಕಡೆ ಹೋಗುತ್ತದೆ. ಅಕ್ಕಪಕ್ಕದ ಫೈಲು ತೆರೆದು ನಡುವಿನ ಒಂದೆರಡು ಮಾತ್ರ ಹಟ ಮಾಡಿದರೆ ಕಾರ್ಡು, ರೀಡರು, ಕಾಪಿ ಮಾಡಿದ ರೀತಿ, ಇವುಗಳ ಕಡೆ.

ಎಲ್ಲವೂ ತೆರೆಯದಿರುವುದೇ ಜಾಸ್ತಿ. ಯಾಕೆಂದರೆ ರಾ ಅನ್ನುವುದು ಜೆಪೆಗ್ ಥರ ಒಂದೇ ಒಂದು ಫಾರ್ಮ್ಯಾಟ್ ಅಲ್ಲ. ಕ್ಯಾನನ್‌ದು ಸಿಆರ್2, ಸಿಆರ್3. ನಿಕಾನ್‌ದು ಎನ್‌ಇಎಫ್. ಸೋನಿಯದು ಎಆರ್‌ಡಬ್ಲ್ಯೂ. ಫ್ಯೂಜಿಫಿಲ್ಮ್‌ದು ಆರ್‌ಎಎಫ್. ಎಕ್ಸ್‌ಟೆನ್ಶನ್ ಒಂದೇ ಆಗಿದ್ದರೂ ಒಳಗಿನ ಕಥೆ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಹತ್ತು ವರ್ಷ ಹಳೆಯ ಕ್ಯಾಮೆರಾದ ಎನ್‌ಇಎಫ್ ತೆರೆಯುವ ಸಾಫ್ಟ್‌ವೇರ್ ಹೊಸ ಕ್ಯಾಮೆರಾದ ಎನ್‌ಇಎಫ್ ಕಂಡು ಕೈಚೆಲ್ಲಬಹುದು. ಪ್ರತಿ ಹೊಸ ಮಾಡೆಲ್ ಬಂದಾಗಲೂ ಸಾಫ್ಟ್‌ವೇರ್ ಮಾಡುವವರು ಅದನ್ನು ಸೇರಿಸಬೇಕು, ನಾವು ಅಪ್‌ಡೇಟ್ ಮಾಡಿಕೊಳ್ಳಬೇಕು.

ಒಮ್ಮೆ ದುಡ್ಡು ಕೊಟ್ಟು ಕೊಂಡ ಹಳೆಯ ಆವೃತ್ತಿಯನ್ನೇ ಬಳಸುವವರಿಗೆ ಇದು ಗ್ಯಾರಂಟಿ ಎದುರಾಗುತ್ತದೆ. ಚಂದಾ ಇಲ್ಲದೆ ಸಿಗುತ್ತಿದ್ದ ಕೊನೆಯ ಲೈಟ್‌ರೂಮ್ ಅಂದರೆ 6. ಅದಕ್ಕೆ ಕೊನೆಯ ಅಪ್‌ಡೇಟ್ ಬಂದಿದ್ದು 2017ರ ಡಿಸೆಂಬರ್‌ನಲ್ಲಿ, 6.14. ಕ್ಯಾನನ್ ಸಿಆರ್3 ಶುರು ಮಾಡಿದ್ದು 2018ರಲ್ಲಿ, ಇಒಎಸ್ ಎಂ50 ಕ್ಯಾಮೆರಾ ಜೊತೆ. ಅಂದರೆ ಲೈಟ್‌ರೂಮ್ 6 ಒಂದೇ ಒಂದು ಸಿಆರ್3 ಫೈಲನ್ನೂ ನೇರವಾಗಿ ತೆರೆಯುವುದಿಲ್ಲ. ಫೋಟೋಶಾಪ್ ಸಿಎಸ್6 ಇನ್ನೂ ಹಿಂದೆ. ಅದರ ಕ್ಯಾಮೆರಾ ರಾ ಪ್ಲಗಿನ್ 9.1.1ಕ್ಕೆ ನಿಂತುಹೋಗಿದೆ. ಅಲ್ಲಿ ಸೆಟ್ಟಿಂಗ್ ಎಷ್ಟು ತಿರುವಿದರೂ, ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಿದರೂ ಸುಮ್ನೆ ಟೈಮ್ ವೇಸ್ಟ್.

ಇದಕ್ಕೆ ನಾನು ಹೇಳುವ ದಾರಿ ಅಡೋಬಿಯ ಡಿಎನ್‌ಜಿ ಕನ್ವರ್ಟರ್. ದುಡ್ಡು ಕೊಡಬೇಕಿಲ್ಲ. ಹೊಸ ಕ್ಯಾಮೆರಾದ ರಾ ಫೈಲನ್ನು ಡಿಎನ್‌ಜಿ ಅನ್ನುವ ಅಡೋಬಿಯದೇ ರಾ ಫಾರ್ಮ್ಯಾಟ್‌ಗೆ ಬದಲಿಸಿ ಕೊಡುತ್ತದೆ, ಅದನ್ನು ಹಳೆಯ ಸಾಫ್ಟ್‌ವೇರ್ ಓದುತ್ತದೆ. ಆದರೆ ಇಲ್ಲಿ ಬಹಳ ಜನ ಒಂದು ಜಾಗದಲ್ಲಿ ಎಡವುತ್ತಾರೆ. ಆ ಕನ್ವರ್ಟರ್‌ಗೆ ಫೈಲನ್ನಲ್ಲ, ಫೋಲ್ಡರನ್ನು ತೋರಿಸಬೇಕು. ಫೋಲ್ಡರ್ ಒಳಗೆ ಹೋಗಿ ನೋಡಿದರೆ ಒಂದು ಫೋಟೋನೂ ಕಾಣುವುದಿಲ್ಲ. "ಫೋಟೋಗಳೇ ಹೋಗಿಬಿಟ್ಟಿವೆ" ಅಂತ ಗಾಬರಿಯಾಗಿ ಫೋನ್ ಮಾಡಿದವರಿದ್ದಾರೆ. ಒಂದು ಹೆಜ್ಜೆ ಹೊರಗೆ ಬಂದು ಫೋಲ್ಡರನ್ನೇ ಆರಿಸಿದರೆ ಕೆಲಸ ಆಗುತ್ತದೆ.

ಇನ್ನೊಂದು, ಅದರ ಆದ್ಯತೆಗಳಲ್ಲಿ ಹೊಂದಾಣಿಕೆ ಅನ್ನುವ ಆಯ್ಕೆ ಇದೆ. ನಿಮ್ಮ ಸಾಫ್ಟ್‌ವೇರ್ ಎಷ್ಟು ಹಳೆಯದೋ ಅದಕ್ಕೆ ತಕ್ಕ ಆವೃತ್ತಿ ಆರಿಸಿಕೊಳ್ಳಿ. ಡಿಎನ್‌ಜಿ ಬಂದಿದ್ದು 2004ರಲ್ಲಿ, ಅದೂ ಬದಲಾಗುತ್ತಾ ಬಂದಿದೆ. 2023ರ 1.7 ಆವೃತ್ತಿಯಲ್ಲಿ ಜೆಪೆಗ್ ಎಕ್ಸ್‌ಎಲ್ ಅನ್ನುವ ಹೊಸ ಕಂಪ್ರೆಷನ್, ಅಂದರೆ ಫೈಲನ್ನು ಚಿಕ್ಕದು ಮಾಡುವ ವಿಧಾನ, ಸೇರಿತು. ಅದನ್ನು ಬಳಸಿದ ಡಿಎನ್‌ಜಿಯನ್ನು ಹಳೆಯ ಸಾಫ್ಟ್‌ವೇರ್ ಓದಲಾರದು. ಹಾಗಾಗಿ "ಡಿಎನ್‌ಜಿ ಎಲ್ಲೆಡೆ ತೆರೆಯುತ್ತದೆ" ಅನ್ನುವ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಬದಲಿಸಿದ ಮೇಲೂ ಮೂಲ ಫೈಲನ್ನು ಅಳಿಸಲು ಹೋಗಬೇಡಿ. ಕ್ಯಾಮೆರಾ ಕಂಪನಿಯ ಸಾಫ್ಟ್‌ವೇರ್‌ಗೆ ಮೂಲ ಫೈಲೇ ಬೇಕು.

ಕೆಲವೊಮ್ಮೆ ಸಾಫ್ಟ್‌ವೇರ್ ಬೆಂಬಲಿಸುವ ಕ್ಯಾಮೆರಾಗಳ ಪಟ್ಟಿಯಲ್ಲಿ ಆ ಮಾಡೆಲ್ ಇರುತ್ತದೆ, ಆದರೂ ಫೈಲು ತೆರೆಯುವುದಿಲ್ಲ. ಆಗ ಕ್ಯಾಮೆರಾದಲ್ಲಿ ಯಾವ ಕಂಪ್ರೆಷನ್ ಆರಿಸಿದ್ದಾರೆ ಅಂತ ಕೇಳುತ್ತೇನೆ. ನಿಕಾನ್ ಝಡ್9ರಲ್ಲಿ ಹೈ ಎಫಿಶಿಯೆನ್ಸಿ ಅನ್ನುವ ಆಯ್ಕೆ ಬಂತು. ಫೈಲು ಚಿಕ್ಕದಾಗುತ್ತದೆ, ಗುಣಮಟ್ಟವೂ ಚೆನ್ನಾಗಿಯೇ ಇರುತ್ತದೆ. ಆದರೆ ಡಾರ್ಕ್‌ಟೇಬಲ್‌ನಂಥ ಉಚಿತ ಸಾಫ್ಟ್‌ವೇರ್‌ಗಳಿಗೆ ಅದನ್ನು ಓದಲು ವರ್ಷಗಟ್ಟಲೆ ಆಗಲಿಲ್ಲ. ಅದೇ ಕ್ಯಾಮೆರಾದಲ್ಲಿ ಲಾಸ್‌ಲೆಸ್, ಅಂದರೆ ಏನೂ ಕಳೆಯದ ಕಂಪ್ರೆಷನ್, ಆರಿಸಿ ತೆಗೆದ ಎನ್‌ಇಎಫ್ ತೆರೆಯುತ್ತಿತ್ತು, ಇದು ತೆರೆಯುತ್ತಿರಲಿಲ್ಲ. ಇಂಥ ಕಡೆ ಕೆಲವು ತೆರೆದು ಕೆಲವು ತೆರೆಯದಿದ್ದರೂ ಕಾರ್ಡಿನ ತಪ್ಪಲ್ಲ. ನನ್ನ ಮೊದಲ ಪ್ರಶ್ನೆಗೂ ಹೀಗೆ ಅಪವಾದ ಉಂಟು.

ಸರಿ, ಸಾಫ್ಟ್‌ವೇರ್ ತಪ್ಪೋ ಫೈಲಿನ ತಪ್ಪೋ ಅಂತ ಅನುಮಾನ ಉಳಿದರೆ? ಆ ಕಂಪನಿಯದೇ ಸಾಫ್ಟ್‌ವೇರ್ ಹಾಕಿ ನೋಡುತ್ತೇನೆ. ಕ್ಯಾನನ್‌ಗೆ ಡಿಜಿಟಲ್ ಫೋಟೋ ಪ್ರೊಫೆಷನಲ್, ನಿಕಾನ್‌ಗೆ ಎನ್‌ಎಕ್ಸ್ ಸ್ಟುಡಿಯೋ, ಸೋನಿಗೆ ಇಮೇಜಿಂಗ್ ಎಡ್ಜ್ ಡೆಸ್ಕ್‌ಟಾಪ್. ಮೂರೂ ಉಚಿತ. ಕೆಲಸ ಮಾಡಲು ಇವು ನನಗೆ ಇಷ್ಟವಿಲ್ಲ, ನಿಧಾನ. ಆದರೆ ಸಾಕ್ಷಿಗೆ ಇವುಗಳಷ್ಟು ಒಳ್ಳೆಯವು ಬೇರೆ ಇಲ್ಲ. ಅಲ್ಲಿ ಚಿತ್ರ ಪೂರ್ತಿ ತೆರೆದು, ಎಕ್ಸ್‌ಪೋಷರ್ ಬದಲಿಸಿದರೆ ಬದಲಾಗಿ, ಟಿಫ್ ಅನ್ನುವ ಚಿತ್ರದ ಫೈಲಾಗಿ ಉಳಿಸಲು ಬಂದರೆ ಫೈಲು ಗಟ್ಟಿಯಾಗಿದೆ ಅಂತಲೇ ಅರ್ಥ.

ಬೇರೆ ಬೇರೆ ಸಾಫ್ಟ್‌ವೇರ್‌ಗಳಲ್ಲಿ ಹಾಕಿ ನೋಡಿದೆ, ಎಲ್ಲೂ ತೆರೆಯಲಿಲ್ಲ, ಹಾಗಾಗಿ ಫೈಲು ಕೆಟ್ಟಿದೆ ಅನ್ನುವ ವಾದವನ್ನು ಮಾತ್ರ ಒಪ್ಪಬೇಡಿ. ಹಲವು ಸಾಫ್ಟ್‌ವೇರ್‌ಗಳು ರಾ ಓದಲು ಲಿಬ್‌ರಾ ಅನ್ನುವ ಒಂದೇ ಲೈಬ್ರರಿಯನ್ನು, ಅಂದರೆ ಸಿದ್ಧ ಕೋಡನ್ನು, ನಂಬಿಕೊಂಡಿವೆ. ಫೋಟೋ ಜೋಡಿಸಿಡುವ ಡಿಜಿಕ್ಯಾಮ್ ಅದನ್ನೇ ಬಳಸುತ್ತದೆ, ವಿಂಡೋಸ್‌ನ ರಾ ಇಮೇಜ್ ಎಕ್ಸ್‌ಟೆನ್ಶನ್ ಕೂಡ ಅದನ್ನೇ. ಅದಕ್ಕೆ ಗೊತ್ತಿಲ್ಲದ್ದು ಇವೆರಡಕ್ಕೂ ಗೊತ್ತಿರುವುದಿಲ್ಲ. ಇಬ್ಬರು ಸಾಕ್ಷಿ ಹೇಳಿದಂತೆ ಕಂಡರೂ ಮಾತಾಡಿದ್ದು ಒಬ್ಬರೇ.

ಇದರ ಉಲ್ಟಾ ವಾದವೂ ಇದೆ. "ಕ್ಯಾಮೆರಾ ಸ್ಕ್ರೀನಿನಲ್ಲಿ ಚೆನ್ನಾಗಿ ಕಾಣುತ್ತದೆ, ಫೋಲ್ಡರಿನಲ್ಲೂ ಚಿತ್ರ ಕಾಣುತ್ತದೆ, ಅಂದಮೇಲೆ ಫೈಲು ಸರಿಯಾಗಿಯೇ ಇದೆ ಅಲ್ವಾ?" ಇಲ್ಲ. ರಾ ಫೈಲಿನ ಒಳಗೆ ಒಂದು ಜೆಪೆಗ್ ಚಿತ್ರವೂ ಅಡಗಿರುತ್ತದೆ. ಕ್ಯಾಮೆರಾ ಸ್ಕ್ರೀನ್ ತೋರಿಸುವುದು ಅದನ್ನೇ, ಝೂಮ್ ಮಾಡಿದರೂ ಅದನ್ನೇ. ಅದನ್ನು ನಂಬುವುದು ಡಬ್ಬದ ಮೇಲಿನ ಚೀಟಿ ನೋಡಿ ಒಳಗಿನ ಸಾಮಾನು ಸರಿಯಿದೆ ಅಂದಂತೆ. ಲೈಟ್‌ರೂಮ್‌ನಲ್ಲಿ ಮೊದಲು ಒಳ್ಳೆಯ ಚಿತ್ರ ಕಂಡು, ಎರಡು ಕ್ಷಣದಲ್ಲಿ ಗುಲಾಬಿ, ನೇರಳೆ ಪಟ್ಟಿಗಳಾಗಿ ಒಡೆದುಹೋಗುವುದನ್ನು ನೋಡಿದ್ದೀರಾ? ಮೊದಲು ಕಂಡಿದ್ದು ಜೆಪೆಗ್. ಆಮೇಲೆ ಬಂದಿದ್ದು ಸೆನ್ಸರಿನ ನಿಜವಾದ ಡೇಟಾ, ಅದು ಕೆಟ್ಟಿದೆ.

ಕ್ಯಾಮೆರಾದಲ್ಲೇ ಪರೀಕ್ಷೆ ಮಾಡಬೇಕು ಅಂದರೆ ಅದಕ್ಕೂ ದಾರಿ ಇದೆ. ಹಲವು ಕ್ಯಾಮೆರಾಗಳ ಮೆನುವಿನಲ್ಲಿ ರಾ ಫೈಲನ್ನು ಅಲ್ಲೇ ಜೆಪೆಗ್ ಮಾಡುವ ಆಯ್ಕೆ ಇರುತ್ತದೆ. ಅದು ಅಡಗಿರುವ ಜೆಪೆಗ್ ಬಿಟ್ಟು ಸೆನ್ಸರ್ ಡೇಟಾವನ್ನೇ ಓದಬೇಕಾಗುತ್ತದೆ. ಅಲ್ಲಿ ಸರಿಯಾದ ಚಿತ್ರ ಬಂದರೆ ಕಾರ್ಡಿನಲ್ಲಿರುವ ಫೈಲು ಚೆನ್ನಾಗಿದೆ, ಕಂಪ್ಯೂಟರಿಗೆ ಬಂದ ಕಾಪಿ ಮಾತ್ರ ಕೆಟ್ಟಿದೆ. ಒಂದು ಎಚ್ಚರಿಕೆ, ಆ ಹೊಸ ಜೆಪೆಗ್ ಕಾರ್ಡಿಗೇ ಬರೆದುಕೊಳ್ಳುತ್ತದೆ. ಕಾರ್ಡಿನ ಮೇಲೆಯೇ ಅನುಮಾನ ಇದ್ದರೆ ಇದನ್ನು ಮಾಡಬೇಡಿ.

ಈಗ ಕೆಲವೇ ಫೈಲು ತೆರೆಯದಿರುವ ವಿಷಯ. ಫೋಲ್ಡರನ್ನು ಗಾತ್ರದ ಪ್ರಕಾರ ಜೋಡಿಸಿ. ಉಳಿದವೆಲ್ಲ 25 ಎಂಬಿ ಆಸುಪಾಸು ಇದ್ದು ಒಂದು ಮಾತ್ರ 3 ಎಂಬಿ ಇದ್ದರೆ, ಅಥವಾ ಸೊನ್ನೆ ಇದ್ದರೆ, ಕಾಪಿ ಅರ್ಧಕ್ಕೆ ನಿಂತಿದೆ. 4 ಕೆಬಿ ಫೈಲುಗಳು ಸಾಲಾಗಿ ಕಂಡರೆ ಹೆಸರನ್ನು ಗಮನಿಸಿ. ಚುಕ್ಕೆ ಮತ್ತು ಅಡಿಗೆರೆಯಿಂದ ಶುರುವಾಗಿದೆಯೇ? ಅವು ಫೋಟೋಗಳೇ ಅಲ್ಲ. ಕಾರ್ಡನ್ನು ಮ್ಯಾಕ್‌ನಲ್ಲಿ ಬಳಸಿದಾಗ ಅದು ಬರೆದಿಡುವ ಪುಟ್ಟ ಫೈಲುಗಳು. ಮ್ಯಾಕ್‌ನಲ್ಲಿ ಕಾಣುವುದಿಲ್ಲ, ವಿಂಡೋಸ್‌ನಲ್ಲಿ ಕಾಣುತ್ತವೆ. ಎಕ್ಸ್‌ಟೆನ್ಶನ್ ಎನ್‌ಇಎಫ್ ಅಂತಲೇ ಇರುವುದರಿಂದ ಅರ್ಧ ಫೋಟೋಗಳು ಕೆಟ್ಟಿವೆ ಅಂತ ಜನ ಹೆದರುತ್ತಾರೆ. ನಿಜವಾದ ಫೈಲು ಅದೇ ಫೋಲ್ಡರಿನಲ್ಲಿ ಚುಕ್ಕೆ ಇಲ್ಲದ ಹೆಸರಿನಲ್ಲಿ ಕೂತಿರುತ್ತದೆ.

ಗಾತ್ರ ಸರಿಯಿದ್ದೂ ತೆರೆಯದಿದ್ದರೆ ಫೈಲಿನ ಒಳಗಿನ ಮಾಹಿತಿ ಓದುವ ಎಕ್ಸಿಫ್‌ಟೂಲ್ ಸಾಫ್ಟ್‌ವೇರ್‌ಗೆ ಕೊಡುತ್ತೇನೆ. ಹೆಸರು ಏನೇ ಇರಲಿ, ಒಳಗಿರುವುದು ಏನು ಅಂತ ಅದು ಹೇಳುತ್ತದೆ. ಎಷ್ಟೋ ಸಲ ಅದು ಜೆಪೆಗ್ ಅಂತ ಹೇಳಿದೆ. ಯಾರೋ ಎಕ್ಸ್‌ಟೆನ್ಶನ್ ಬದಲಿಸಿರುತ್ತಾರೆ, ಅಥವಾ ಮೊಬೈಲಿನ ಆ್ಯಪ್ ರಾ ಬದಲು ಜೆಪೆಗ್ ಕಳಿಸಿರುತ್ತದೆ. ಫೈಲಿನ ಬೈಟುಗಳನ್ನೇ ತೋರಿಸುವ ಹೆಕ್ಸ್ ವ್ಯೂವರ್ ಇದ್ದರೆ ಫೈಲಿನ ಮೊದಲ ಸಾಲನ್ನೂ ನೋಡಬಹುದು. ಎನ್‌ಇಎಫ್, ಸಿಆರ್2, ಎಆರ್‌ಡಬ್ಲ್ಯೂ ಎಲ್ಲಾ ಟಿಫ್ ಮೇಲೆ ಕಟ್ಟಿದವು, ಹಾಗಾಗಿ ಐಐ ಅಥವಾ ಎಂಎಂ ಅನ್ನುವ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುತ್ತವೆ. ಫ್ಯೂಜಿಫಿಲ್ಮ್‌ದಾದರೆ ಕಂಪನಿಯ ಹೆಸರೇ ಎದುರಿಗೆ ಕಾಣುತ್ತದೆ. ಬರೀ ಸೊನ್ನೆಗಳೇ ತುಂಬಿದ್ದರೆ ಆ ಕಾಪಿಯಲ್ಲಿ ಚಿತ್ರವೇ ಇಲ್ಲ.

ಆಗ ಕಾರ್ಡಿನಿಂದ ಮತ್ತೆ ಕಾಪಿ ಮಾಡಬೇಕು, ಆದರೆ ಬೇರೆ ರೀಡರಿನಲ್ಲಿ, ಬೇರೆ ಕೇಬಲಿನಲ್ಲಿ. ನೇರಳೆ ಪಟ್ಟಿ ಬಂದ ಒಂದು ದೊಡ್ಡ ಕೆಲಸ ನನ್ನ ಕೈಗೆ ಬಂದಿತ್ತು. ತೆಗೆದವರು ಕ್ಯಾಮೆರಾ ರಿಪೇರಿಗೆ ಕೊಡಲು ಹೊರಟಿದ್ದರು. ನಾನು ಒಂದೇ ಫೈಲನ್ನು ಅದೇ ರೀಡರಿನಿಂದ ಎರಡು ಸಲ ಕಾಪಿ ಮಾಡಿಸಿ ಎರಡರ ಚೆಕ್‌ಸಮ್ ತೆಗೆಸಿದೆ. ಚೆಕ್‌ಸಮ್ ಅಂದರೆ ಫೈಲಿನ ಪೂರ್ತಿ ಡೇಟಾದಿಂದ ಲೆಕ್ಕ ಹಾಕಿದ ಒಂದು ಗುರುತು. ಒಂದು ಬಿಟ್ ಬದಲಾದರೂ ಗುರುತು ಬೇರೆ ಬರುತ್ತದೆ. ಎರಡೂ ಬೇರೆ ಬಂದವು. ಕಾರ್ಡಿನಲ್ಲಿರುವುದು ಒಂದೇ ಫೈಲು, ಓದುವಾಗ ಪ್ರತಿ ಸಲ ಬೇರೆ ಆಗುತ್ತಿದೆ ಅಂದರೆ ತಪ್ಪಿರುವುದು ಕಾರ್ಡಿನಿಂದ ಕಂಪ್ಯೂಟರಿಗೆ ಬರುವ ದಾರಿಯಲ್ಲಿ. ರೀಡರ್ ಬದಲಿಸಿದ ಮೇಲೆ ಪಟ್ಟಿಗಳು ಮಾಯ. ಅವರು ಕಾರ್ಡನ್ನು ಇನ್ನೂ ಫಾರ್ಮ್ಯಾಟ್ ಮಾಡಿರಲಿಲ್ಲ, ಅದೇ ಪುಣ್ಯ.

ರೀಡರ್ ಬದಲಿಸಿದರೂ ಹಾಗೇ ಆದರೆ, ಕಂಪ್ಯೂಟರಿನ ಸ್ವಂತ ಡಿಸ್ಕಿನಲ್ಲೇ ದೊಡ್ಡ ಫೈಲನ್ನು ಕಾಪಿ ಮಾಡಿ ಇದೇ ಪರೀಕ್ಷೆ ಮಾಡಿ. ಅಲ್ಲೂ ಗುರುತು ಬೇರೆ ಬಂದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿ ರಾತ್ರಿ ಓಡಲು ಬಿಡಿ. ಕಾರ್ಡಿನಿಂದ ಮಾಡಿದ ಎರಡು ಕಾಪಿಗೂ ಒಂದೇ ಗುರುತು ಬಂದು ಚಿತ್ರ ಕೆಟ್ಟೇ ಇದ್ದರೆ, ಕಾರ್ಡಿಗೆ ಬರೆಯುವಾಗಲೇ ಅಥವಾ ಕಾರ್ಡಿನ ಒಳಗೇ ಕೆಟ್ಟಿದೆ.

ಇಲ್ಲಿಂದ ಮುಂದೆ ಆ ಕಾರ್ಡಿಗೆ ಏನನ್ನೂ ಬರೆಯಬಾರದು. ಕಾರ್ಡು ಹಾಕಿದ ಕೂಡಲೇ ವಿಂಡೋಸ್ "ಸರಿಪಡಿಸಲೇ?" ಅಂತ ಕೇಳುತ್ತದೆ. ಒತ್ತಬೇಡಿ. ಅದು ಸರಿಪಡಿಸುವುದು ಫೈಲ್ ಸಿಸ್ಟಮ್ ಅನ್ನು, ಅಂದರೆ ಯಾವ ಫೈಲು ಕಾರ್ಡಿನಲ್ಲಿ ಎಲ್ಲಿದೆ ಅನ್ನುವ ಲೆಕ್ಕವನ್ನು, ನಿಮ್ಮ ಫೋಟೋವನ್ನಲ್ಲ. ಆ ಗಡಿಬಿಡಿಯಲ್ಲಿ ಫೈಲುಗಳನ್ನು ಕತ್ತರಿಸಿ ತುಂಡು ಮಾಡಿಡುವುದೂ ಉಂಟು. ನಾನು ಮೊದಲು ಕಾರ್ಡಿನ ಪೂರ್ತಿ ಇಮೇಜ್, ಅಂದರೆ ಇಡೀ ಕಾರ್ಡಿನ ಯಥಾವತ್ ನಕಲು, ತೆಗೆದಿಟ್ಟು, ಅದರ ಮೇಲೆ ಕಳೆದ ಫೈಲು ಹುಡುಕುವ ಫೋಟೋರೆಕ್ ಓಡಿಸುತ್ತೇನೆ. ಅದೂ ಉಚಿತ. ಫೈಲ್ ಸಿಸ್ಟಮ್ ಕಡೆ ನೋಡದೆ, ಫೈಲಿನ ತಲೆಯ ಗುರುತು ಹಿಡಿದು ಹುಡುಕುತ್ತದೆ. ಹಾಗಾಗಿ ಹಳೆಯ ಹೆಸರುಗಳು ಸಿಗುವುದಿಲ್ಲ. ಕಾರ್ಡಿನಲ್ಲಿ ಚೂರುಚೂರಾಗಿ ಹಂಚಿಹೋಗಿದ್ದ ಫೈಲುಗಳು ಸಾಮಾನ್ಯವಾಗಿ ಅರೆಬರೆ ಬರುತ್ತವೆ.

ರಾ ಫೈಲು ರಿಪೇರಿ ಮಾಡುತ್ತೇವೆ ಅಂತ ದುಡ್ಡು ಕೇಳುವ ಸಾಫ್ಟ್‌ವೇರ್‌ಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ತಲೆಭಾಗ ಮಾತ್ರ ಕೆಟ್ಟಿದ್ದರೆ, ಅದೇ ಕ್ಯಾಮೆರಾದ ಒಳ್ಳೆಯ ಫೈಲಿನಿಂದ ಅದನ್ನು ತಂದು ಜೋಡಿಸಿ ಕೆಲವೊಮ್ಮೆ ಉಳಿಸಬಹುದು. ಸೆನ್ಸರ್ ಡೇಟಾವೇ ಹೋಗಿದ್ದರೆ ಯಾರೂ ಅದನ್ನು ಮತ್ತೆ ಹುಟ್ಟಿಸಲಾರರು. ನಾನು ನೋಡಿದ ಹಲವು ರಿಪೇರಿಗಳಲ್ಲಿ ಕೈಗೆ ಬಂದಿದ್ದು ಅದೇ ಅಡಗಿದ್ದ ಜೆಪೆಗ್. ಅದನ್ನು ಎಕ್ಸಿಫ್‌ಟೂಲ್ ದುಡ್ಡಿಲ್ಲದೆ ತೆಗೆದುಕೊಡುತ್ತದೆ. ನಿಕಾನ್, ಕ್ಯಾನನ್‌ನ ಹಲವು ಮಾಡೆಲ್‌ಗಳಲ್ಲಿ ಅದು ಪೂರ್ತಿ ಗಾತ್ರದ್ದೇ ಇರುತ್ತದೆ, ಪ್ರಿಂಟ್‌ಗೂ ಆಗುತ್ತದೆ. ಸೋನಿಯ ಹಲವು ಎಆರ್‌ಡಬ್ಲ್ಯೂಗಳಲ್ಲಿ ಸಿಗುವುದು 1616 ಗುಣಿಸು 1080 ಪಿಕ್ಸೆಲ್ ಮಾತ್ರ. ಮೊಬೈಲಿನಲ್ಲಿ ನೋಡಲು ಸಾಕು. ದೊಡ್ಡ ಪ್ರಿಂಟ್ ಬೇಕು ಅಂದವರಿಗೆ ಆಗುವುದಿಲ್ಲ ಅಂತ ನೇರವಾಗಿಯೇ ಹೇಳಿಬಿಡುತ್ತೇನೆ.