ಊದುವ ಮುಂಚಿನ ಉಸಿರು

ಪುಣೆಯಲ್ಲಿ ಶ್ವಾಸಕೋಶದ ಕಾಯಿಲೆಗಳ ಅಧ್ಯಯನಕ್ಕೆ ಬರುವವರಿಗೆ ಸ್ಪೈರೋಮೆಟ್ರಿ, ಅಂದರೆ ಯಂತ್ರಕ್ಕೆ ಊದಿಸಿ ಉಸಿರಿನ ಗಾಳಿ ಅಳೆಯುವ ಪರೀಕ್ಷೆ, ಮಾಡಿಸುವುದು ನನ್ನ ಕೆಲಸ. ಅವರಲ್ಲಿ ನಮ್ಮ ಕನ್ನಡದವರು ಬಹಳ ಮಂದಿ. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ಕಟ್ಟಡದ ಕೆಲಸ, ಹಮಾಲಿ, ಟೈಲ್ಸ್ ಕತ್ತರಿಸುವ ಕೆಲಸ ಮಾಡುವವರು. ಮಗನ ಸಂಸಾರದ ಹಿಂದೆ ಬಂದು, ತಗಡಿನ ಶೆಡ್ಡಿನಲ್ಲಿ ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತ ರೊಟ್ಟಿ ಬಡಿಯುವ ಆಯಿಗಳು. ನಾನು ಇಂಡಿ ತಾಲೂಕಿನವಳಾದ್ದರಿಂದ ಅವರನ್ನೆಲ್ಲ ನನ್ನ ಕೋಣೆಗೇ ಕಳಿಸುತ್ತಾರೆ. ಕೆಲಸ ಕಲಿಯಲು ಬರುವ ಹೊಸ ಹುಡುಗಿಯರು ಮೊದಲು ಯಂತ್ರದ ಗುಂಡಿಗಳನ್ನು ನೋಡುತ್ತಾರೆ. ಎದುರಿಗೆ ಕೂತವರ ಎದೆ ನೋಡಿ, ಉಸಿರು ಪೂರ್ತಿ ತುಂಬಿತೋ ಇಲ್ಲವೋ ಗಮನಿಸಿ ಎಂದು ನಾನು ಹೇಳುತ್ತೇನೆ.

ಕಾರಣ ಲೆಕ್ಕದಲ್ಲೇ ಇದೆ. ಎದೆ ತುಂಬ ಉಸಿರು ಎಳೆದುಕೊಂಡು ರಭಸದಿಂದ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿಗೆ ಎಫ್‌ಇವಿ1 ಎನ್ನುತ್ತೇವೆ, ಕೊನೆಯ ಚೂರಿನವರೆಗೆ ಬಂದ ಒಟ್ಟು ಗಾಳಿಗೆ ಎಫ್‌ವಿಸಿ. ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೂ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ 0.70ಕ್ಕಿಂತ ಕಡಿಮೆ ಬಂದರೆ ಡಾಕ್ಟರು ಸಿಒಪಿಡಿಯ, ಅಂದರೆ ಶ್ವಾಸನಾಳ ಕಿರಿದಾಗಿ ಗಾಳಿ ಹೊರಹೋಗಲು ಕಷ್ಟವಾಗುವ ದೀರ್ಘಕಾಲದ ಕಾಯಿಲೆಯ, ಕಡೆ ಯೋಚಿಸುತ್ತಾರೆ. ಒಬ್ಬರ ಎಫ್‌ಇವಿ1 1.2 ಲೀಟರ್, ಎಫ್‌ವಿಸಿ 2 ಲೀಟರ್ ಎಂದುಕೊಳ್ಳಿ. ಭಾಗಿಸಿದರೆ 0.60, ಕಾಯಿಲೆ ಸ್ಪಷ್ಟ. ಅವರೇ ದಣಿದು ನಡುವೆ ಊದುವುದನ್ನು ಬಿಟ್ಟು, ಒಟ್ಟು ಗಾಳಿ 1.6 ಲೀಟರಿಗೆ ನಿಂತರೆ ಉತ್ತರ 0.75. ಮೆಟ್ಟಿಲು ಹತ್ತಲಾಗದ ಮನುಷ್ಯ ಕಾಗದದ ಮೇಲೆ ಆರೋಗ್ಯವಂತನಾಗಿಬಿಡುತ್ತಾನೆ. ಅರ್ಧ ಉಸಿರು ಎಳೆದು ಊದಿದರೆ ಎರಡೂ ಅಂಕಿ ಕುಸಿದು, ಶ್ವಾಸಕೋಶವೇ ಕುಗ್ಗಿದಂತೆ ಕಾಣುತ್ತದೆ. ಇಂಥ ಅಂಕಿಗಳು ಅಧ್ಯಯನದೊಳಗೆ ಸೇರಿದ ಮೇಲೆ ಯಾವ ಸಂಖ್ಯಾಶಾಸ್ತ್ರಜ್ಞರೂ ಅವನ್ನು ಹೆಕ್ಕಿ ತೆಗೆಯಲಾರರು. ತಡೆಯುವುದಾದರೆ ಆ ಕುರ್ಚಿಯ ಪಕ್ಕದಲ್ಲೇ ತಡೆಯಬೇಕು.

ಆಯಿಗಳಿಗೆ ಊದಿಸುವುದು ಎಲ್ಲಕ್ಕಿಂತ ಕಷ್ಟ. ಜೀವಮಾನವಿಡೀ ಊದುಗೊಳವೆ ಹಿಡಿದು ಒಲೆ ಊದಿದವರು ಅವರು. ಕೈಗೆ ಮೌತ್‌ಪೀಸ್ ಕೊಟ್ಟ ಕೂಡಲೇ ಕೆನ್ನೆ ಉಬ್ಬಿಸಿ, ಮೆಲ್ಲಗೆ, ಒಂದೇ ಸಮನೆ ಊದುತ್ತಾರೆ. ಒಲೆಗೆ ಅದು ಸರಿ. ಇಲ್ಲಿ ಬೇಕಾದದ್ದು ಮೊದಲ ಗಳಿಗೆಯಲ್ಲೇ ಸಿಡಿದು ಬರುವ ಗಾಳಿ. ಶುರುವಿನಲ್ಲಿ ತಡವರಿಸಿದರೆ ಯಂತ್ರ ಅದನ್ನು ಅಳೆದು ತೋರಿಸುತ್ತದೆ. ಆ ನಷ್ಟ ಎಫ್‌ವಿಸಿಯ ಶೇಕಡ 5 ಅಥವಾ 100 ಮಿಲಿಲೀಟರ್, ಇವೆರಡರಲ್ಲಿ ಯಾವುದು ದೊಡ್ಡದೋ ಅದನ್ನು ಮೀರಿದರೆ ಆ ಊದು ಲೆಕ್ಕಕ್ಕಿಲ್ಲ. ಸೆರಗಿನದೂ ಒಂದು ಮಾತಿದೆ. ಮಗ, ಅಳಿಯ ಎದುರಿಗಿದ್ದರೆ ಅವರು ಬಾಯಿಗೆ ಸೆರಗು ಮುಚ್ಚಿಕೊಳ್ಳುತ್ತಾರೆ, ಜೋರಾಗಿ ಊದಲು ನಾಚುತ್ತಾರೆ. ಗಂಡಸರನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಕೊಳ್ಳುತ್ತೇನೆ. ಇನ್ನೊಂದು ಮೌತ್‌ಪೀಸ್ ಹಿಡಿದು ನಾನೇ ಮೊದಲು ಊದಿ ತೋರಿಸುತ್ತೇನೆ, ಮುಖ ಕೆಂಪಾಗುವವರೆಗೆ. ಅದನ್ನು ನೋಡಿದ ಮೇಲೆ ಅವರ ಸಂಕೋಚ ಅರ್ಧ ಹೋಗುತ್ತದೆ.

‘ಆಯಿ, ಉಸಿರು ಜಗ್ರಿ. ಇನ್ನಷ್ಟ ಜಗ್ರಿ. ಇನ್ನೂ ಜಾಗಾ ಐತಿ, ಜಗ್ರಿ... ಹಾಂ, ಊದ್ರಿ! ಊದ್ರಿ, ಊದ್ರಿ, ಬಿಡಬ್ಯಾಡ್ರಿ, ಇನ್ನೂ ಐತಿ, ಇನ್ನೂ ಐತಿ, ಊದ್ರಿ!’ ನನ್ನ ದನಿ ವರಾಂಡದ ತುದಿಗೂ ಕೇಳುತ್ತದೆ. ಮೂಗಿಗೆ ಕ್ಲಿಪ್, ಎರಡೂ ಪಾದ ನೆಲದ ಮೇಲೆ, ಬೆನ್ನು ನೆಟ್ಟಗೆ. ಹೆಗಲು ಮೇಲೆದ್ದು ಕುತ್ತಿಗೆಯ ನರ ಬಿಗಿದಾಗ ಉಸಿರು ತುಂಬಿತೆಂದು ತಿಳಿಯುತ್ತೇನೆ. ಪರದೆಯ ಮೇಲಿನ ಗೆರೆ ಮಟ್ಟಸವಾಗುವ ತನಕ ಬಿಡುವುದಿಲ್ಲ. ಒಪ್ಪಬಹುದಾದ ಮೂರು ಊದು ಬೇಕು, ಅವುಗಳಲ್ಲಿ ದೊಡ್ಡ ಎರಡರ ನಡುವಿನ ಅಂತರ 150 ಮಿಲಿಲೀಟರ್ ಒಳಗಿರಬೇಕು. ದೊಡ್ಡವರಿಗೆ ಎಂಟಕ್ಕಿಂತ ಹೆಚ್ಚು ಸಲ ಊದಿಸುವುದಿಲ್ಲ. ಅಷ್ಟರೊಳಗೆ ಸರಿ ಬರದಿದ್ದರೆ ಚಹ ಕುಡಿಸಿ, ಇನ್ನೊಂದು ದಿನ ಬನ್ನಿ ಎನ್ನುತ್ತೇನೆ. ಇದ್ದುದರಲ್ಲಿ ಒಳ್ಳೆಯದನ್ನು ಆರಿಸಿಕೋ ಎನ್ನುವವರಿದ್ದಾರೆ, ನಾನು ಆರಿಸುವುದಿಲ್ಲ.

ಯಂತ್ರದ ಕೆಲಸ ಬೆಳಿಗ್ಗೆಯೇ ಮುಗಿದಿರುತ್ತದೆ. 3 ಲೀಟರಿನ ಸಿರಿಂಜಿನಿಂದ ಗಾಳಿ ತಳ್ಳಿ, ಅಳತೆ ಶೇಕಡ 3ರ ಒಳಗೆ ಬಂದಿದೆಯೇ ನೋಡಿ, ಕೋಣೆಯ ಉಷ್ಣತೆ ದಾಖಲಿಸಿದರೆ ಆಯಿತು.

ವಯಸ್ಸು ಮಾತ್ರ ದೊಡ್ಡ ತಲೆನೋವು. ವಯಸ್ಸು, ಎತ್ತರ, ಹೆಣ್ಣೋ ಗಂಡೋ ಎಂಬುದರ ಮೇಲೆ ಒಬ್ಬರ ಶ್ವಾಸಕೋಶ ಎಷ್ಟು ಊದಬೇಕಿತ್ತು ಎಂದು ಯಂತ್ರ ಲೆಕ್ಕ ಹಾಕುತ್ತದೆ. ಆಧಾರ್ ಕಾರ್ಡ್ ನೋಡಿದರೆ ಎಷ್ಟೋ ಜನರ ಹುಟ್ಟಿದ ದಿನ ಜನವರಿ 1. ಅದಕ್ಕೇ 1972ರ ಬರ ಹಿಡಿದು ಕೇಳುತ್ತೇನೆ: ಆಗ ಲಗ್ನ ಆಗಿತ್ತೇ? ಬರಗಾಲದ ಕಾಮಗಾರಿಯಲ್ಲಿ ಕಲ್ಲು ಹೊತ್ತದ್ದು ನೆನಪಿದೆಯೇ, ಅಥವಾ ಅವ್ವನ ಬಗಲಲ್ಲಿದ್ದಿರೇ? ಕಾರ್ಡಿನ ವಯಸ್ಸಿಗೂ ಅವರು ಹೇಳುವುದಕ್ಕೂ ಹೊಂದದಿದ್ದರೆ ಎರಡನ್ನೂ ಬರೆದು, ಯಾವುದು ಬಳಸಬೇಕೆಂದು ಡಾಕ್ಟರಿಗೆ ಬಿಡುತ್ತೇನೆ.

ಮೊದಲ ಸುತ್ತು ಮುಗಿದ ಮೇಲೆ ಸ್ಪೇಸರ್ (ಇನ್ಹೇಲರಿಗೆ ಜೋಡಿಸುವ ಕೊಳವೆ) ಮೂಲಕ 400 ಮೈಕ್ರೋಗ್ರಾಂ ಸಾಲ್ಬುಟಮಾಲ್, ಅದೇ ಶ್ವಾಸನಾಳ ಹಿಗ್ಗಿಸುವ ಔಷಧ, ಒಂದೊಂದೇ ಪಫ್‌ನಂತೆ ನಾಲ್ಕು. ಆಮೇಲೆ 15 ನಿಮಿಷ ಕಾಯಬೇಕು. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಹೊತ್ತು ಅದು. ಅಡುಗೆಗೆ ಯಾವ ಇಂಧನ ಎಂದು ಫಾರಂ ಕೇಳಿದಾಗ ಗ್ಯಾಸ್ ಎಂದೇ ಹೇಳಿರುತ್ತಾರೆ, ಅದು ಸುಳ್ಳೂ ಅಲ್ಲ. ಕಾಯುತ್ತ ಕೂತಾಗ ಒಬ್ಬ ಆಯಿ ಹೇಳಿದರು: ‘ಗ್ಯಾಸ್ ಚಾಕ್ಕ ಅಷ್ಟ ತಂಗಿ. ರೊಟ್ಟಿ ಒಲಿಮ್ಯಾಗ.’ ಒಲೆಗೆ ಏನು ಹಾಕುತ್ತೀರಿ ಎಂದೆ. ಸೈಟಿನಲ್ಲಿ ಬಿದ್ದ ಸೆಂಟ್ರಿಂಗ್ ಪ್ಲೈವುಡ್ಡಿನ ತುಂಡು, ಹೊತ್ತಿಸಲು ಪ್ಲಾಸ್ಟಿಕ್ ಹಾಳೆ. ಪ್ಲೈವುಡ್ಡಿನ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಊರಿನ ಕುಳ್ಳು, ತೊಗರಿಕಟ್ಟಿಗೆಯ ಹೊಗೆಯೇ ಸಾಕಷ್ಟು ಕೆಟ್ಟದ್ದು, ಅದರ ಮೇಲೆ ಇದು. ರಾತ್ರಿ ಕಿಟಕಿಯಿಲ್ಲದ ಶೆಡ್ಡಿನಲ್ಲಿ ಸೊಳ್ಳೆ ಕಾಯಿಲ್. ಒಂದು ಕಾಯಿಲ್ ಉರಿದರೆ ಹೊರಬೀಳುವ ಪಿಎಂ 2.5 ಎಂಬ ಅತಿ ಸಣ್ಣ ಕಣಗಳು 75ರಿಂದ 137 ಸಿಗರೇಟುಗಳಷ್ಟು ಎಂದು 2003ರ ಒಂದು ಅಧ್ಯಯನ ಅಳೆದಿತ್ತು. ಆ ಆಯಿ ಬೀಡಿ ಮುಟ್ಟಿದವರಲ್ಲ. ‘ಧೂಮಪಾನ ಇಲ್ಲ’ ಎಂಬ ಕಾಲಂನಲ್ಲಿ ಗುರುತು ಹಾಕಿ ಮುಂದೆ ಹೋಗಿದ್ದರೆ ಅವರ ಬದುಕಿನ ಹೊಗೆಯೆಲ್ಲ ಅಧ್ಯಯನದಿಂದ ಬಿಟ್ಟುಹೋಗುತ್ತಿತ್ತು.

ಬೀಡಿ ಸಿಗರೇಟು ಸೇದದವರಿಗೂ ಸಿಒಪಿಡಿ ಬರುತ್ತದೆ ಎಂಬ ಮಾತನ್ನು ಜಗತ್ತಿಗೆ ಗಟ್ಟಿಯಾಗಿ ಹೇಳಿದವರಲ್ಲಿ ಪುಣೆಯವರೂ ಇದ್ದಾರೆ. ಇಲ್ಲಿನ ಡಾ. ಸಂದೀಪ್ ಸಾಲ್ವಿ, ಲಂಡನ್ನಿನ ಪೀಟರ್ ಬಾರ್ನ್ಸ್ ಜೊತೆಗೂಡಿ 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ಬಗ್ಗೆಯೇ ಬರೆದರು. ಭಾರತದಲ್ಲಿ 2016ರಲ್ಲಿ ಸುಮಾರು ಐದೂವರೆ ಕೋಟಿ ಜನರಿಗೆ ಸಿಒಪಿಡಿ ಇತ್ತೆಂಬ ಅಂದಾಜಿದೆ. ನನ್ನ ಕೋಣೆಗೆ ಬರುವವರಲ್ಲಿ ಎಷ್ಟೋ ಮಂದಿ ವರ್ಷಗಟ್ಟಲೆ ದಮ್ಮು ಎಂದು ಗುಳಿಗೆ ನುಂಗಿದವರು. ಒಮ್ಮೆಯೂ ಊದಿ ನೋಡಿದವರಲ್ಲ.

ಟೈಲ್ಸ್ ಮತ್ತು ಗ್ರಾನೈಟ್ ಕತ್ತರಿಸುವ ಹುಡುಗರದು ಬೇರೆ ಕತೆ. ಅವರ ಕಣ್ಣಿನ ರೆಪ್ಪೆಯ ಮೇಲೂ ಬಿಳಿ ಪುಡಿ. ಅದರಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶದಲ್ಲಿ ಗಾಯದ ಗಂಟು ಕಟ್ಟಿದರೆ ಮತ್ತೆ ಕರಗುವುದಿಲ್ಲ. ಬ್ಲೇಡಿನ ಮೇಲೆ ನೀರು ಬಿಟ್ಟುಕೊಂಡು ಕತ್ತರಿಸಿ ಎಂದು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಅದನ್ನು ಹೇಳು ಎಂದು ಯಾವ ಫಾರಂನಲ್ಲೂ ಬರೆದಿಲ್ಲ.

ಒಪ್ಪಿಗೆ ಪತ್ರವನ್ನು ಪೂರ್ತಿ ಓದಿ ಹೇಳುತ್ತೇವೆ. ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇರಬೇಕು. ಜನರನ್ನು ಗಾಡಿಯಲ್ಲಿ ಕರೆತಂದ ಮುಕಾದಮನೇ ಸಾಕ್ಷಿ ಹಾಕಲು ಮುಂದೆ ಬರುತ್ತಾನೆ. ಅವನಿಂದ ಹಾಕಿಸುವುದಿಲ್ಲ. ಕೂಲಿ ಬಟವಾಡೆ ಮಾಡುವವನ ಎದುರು ‘ಒಲ್ಲೆ’ ಎನ್ನುವ ಧೈರ್ಯ ಯಾರಿಗಿದೆ? ಅವನನ್ನು ಹೊರಗೆ ಕಳಿಸಿದ ಮೇಲೆ ಒಲ್ಲೆನೆಂದು ಎದ್ದುಹೋದವರನ್ನು ಕಂಡಿದ್ದೇನೆ. ಅವರಿಗೂ ಡಾಕ್ಟರ ತಪಾಸಣೆ ಆಗುತ್ತದೆ, ಔಷಧ ಬರೆದುಕೊಡುತ್ತಾರೆ.

ಔಷಧ ಎಂದರೆ ಪಂಪು, ಉಸಿರಿನೊಂದಿಗೆ ಎಳೆದುಕೊಳ್ಳುವ ಇನ್ಹೇಲರ್. ಒಮ್ಮೆ ಹಿಡಿದರೆ ಚಟ ಆಗುತ್ತದೆ ಎಂಬ ಹೆದರಿಕೆ ಎಲ್ಲರಿಗೂ ಇದೆ, ಪುಡಿಯನ್ನು ಉಸಿರಲ್ಲಿ ಎಳೆಯಬೇಕಾದ ರೋಟಾಕ್ಯಾಪ್ ಗುಳಿಗೆ ಕೊಟ್ಟರೆ ನೀರಿನ ಜೊತೆ ನುಂಗಿಬಿಡುವವರೂ ಇದ್ದಾರೆ. ಹಾಗಾಗಿ ಮೊದಲ ಡೋಸನ್ನು ನನ್ನ ಎದುರಿಗೇ ಎಳೆಸುತ್ತೇನೆ, ಮುಂದಿನ ಸಲ ಬಂದಾಗ ಪಂಪು ತಂದು ತೋರಿಸಿ ಎನ್ನುತ್ತೇನೆ.

ಮುಂದಿನ ಸಲ ಬರುತ್ತಾರೆಯೇ ಎಂಬುದೇ ನಮ್ಮ ಅಧ್ಯಯನಗಳ ದೊಡ್ಡ ಪ್ರಶ್ನೆ. ಆರು ತಿಂಗಳಿಗೆ, ವರ್ಷಕ್ಕೆ ಮತ್ತೆ ಊದಿಸಿದರೆ ತಾನೇ ಕಾಯಿಲೆ ಎತ್ತ ಸಾಗಿದೆ ತಿಳಿಯುವುದು? ಮಿರಗದ ಮಳೆ ಬಂದರೆ ಬಿತ್ತಲು ಊರಿಗೆ ಹೋಗುತ್ತಾರೆ, ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋಗುತ್ತಾರೆ. ಭೇಟಿಯ ದಿನಗಳನ್ನು ನಿಗದಿ ಮಾಡುವಾಗ ನಾನು ಪಂಚಾಂಗ ಮುಂದಿಟ್ಟುಕೊಂಡು, ಅಧ್ಯಯನದ ನಿಯಮ ಬಿಟ್ಟುಕೊಟ್ಟಷ್ಟು ಹಿಂದೆ ಮುಂದೆ ಸರಿಸುತ್ತೇನೆ, ಸಾಧ್ಯವಾದರೆ ಭಾನುವಾರಕ್ಕೆ. ಹೋಗಿ ಬರುವ ಖರ್ಚು, ಕಳೆದ ಕೂಲಿ ಅಂದೇ ಕೈಗೆ ಕೊಡಿಸುತ್ತೇವೆ. ವರದಿಯ ಎರಡು ಪ್ರತಿ ಮಾಡಿ, ಒಂದರ ಹಿಂದೆ ಪಂಪಿನ ಹೆಸರನ್ನೂ ದಿನಕ್ಕೆ ಎಷ್ಟು ಸಲವೆಂಬುದನ್ನೂ ಕನ್ನಡದಲ್ಲಿ ದೊಡ್ಡದಾಗಿ ಬರೆದು, ಅದನ್ನು ಊರಿನ ಆಸ್ಪತ್ರೆಯ ಡಾಕ್ಟರಿಗೆ ತೋರಿಸಲು ಮೊಮ್ಮಗನ ಕೈಗೆ ಕೊಡುತ್ತೇನೆ.