ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಆಂಟಿವೈರಸ್ ತೆಗೆಯೋದು ಹೇಗೆ

‘ರಿನ್ಯೂ ಮಾಡಿ’ ಅಂತ ದಿನಾ ಜೀವ ತಿನ್ನೋ ಟ್ರಯಲ್ ಆಂಟಿವೈರಸ್‌ಗೆ ದುಡ್ಡು ಕಟ್ಟಬೇಡಿ, ತೆಗೆದುಹಾಕಿ. ಸೆಟ್ಟಿಂಗ್ಸ್, ಆಪ್ಸ್, ಇನ್‌ಸ್ಟಾಲ್ಡ್ ಆಪ್ಸ್‌ಗೆ ಹೋಗಿ ಅದರ ಹೆಸರಿನ ಪಕ್ಕದ ಮೂರು ಚುಕ್ಕಿ ಒತ್ತಿ, ಅನ್‌ಇನ್‌ಸ್ಟಾಲ್ ಕೊಟ್ಟು ರೀಸ್ಟಾರ್ಟ್ ಮಾಡಿ. ವಿಂಡೋಸ್ 11ರಲ್ಲಿ ಡಿಫೆಂಡರ್ ಅನ್ನೋ ಮೈಕ್ರೋಸಾಫ್ಟ್‌ನ ಆಂಟಿವೈರಸ್ ಮೊದಲೇ ಇರುತ್ತೆ. ಬೇರೆ ಆಂಟಿವೈರಸ್ ಇರೋವರೆಗೂ ಸುಮ್ಮನೆ ಕೂತಿದ್ದು, ಅದು ಹೋದ ಮೇಲೆ ತಾನಾಗೇ ಶುರುವಾಗುತ್ತೆ. ವಿಂಡೋಸ್ ಸೆಕ್ಯುರಿಟಿ ತೆರೆದು ಹಸಿರು ಟಿಕ್ ಬಂದಿದೆಯಾ ನೋಡ್ಕೊಳ್ಳಿ. ಕೆಲವು ಸಲ ಟ್ರಯಲ್ ಆಂಟಿವೈರಸ್ ಅರ್ಧಂಬರ್ಧ ಹೋಗಿ ಪಾಪ್‌ಅಪ್ ಮತ್ತೆ ಬರುತ್ತೆ. ಆಗ ಅದನ್ನ ಪೂರ್ತಿ ಅಳಿಸೋಕೆ ಆ ಕಂಪನಿಯದೇ ರಿಮೂವಲ್ ಟೂಲ್ ಬೇಕು (ಮೆಕಾಫಿ, ನಾರ್ಟನ್ ಎರಡಕ್ಕೂ ಇದೆ), ಅವರ ಸ್ವಂತ ಸೈಟಿನಿಂದಲೇ ಇಳಿಸಿಕೊಳ್ಳಿ. ತೀರ್ಥಹಳ್ಳಿ, ಹೊಸನಗರ ಕಡೆ ಮಹಡಿ ಕಿಟಕಿಯಲ್ಲಿ ಮಾತ್ರ ಸಿಗ್ನಲ್ ಸಿಗೋ ಮನೆಯವರು ಪೇಟೆಗೆ ಬಂದಾಗಲೇ ಈ ಕೆಲಸ ಮುಗಿಸಿಕೊಂಡ್ರೆ ಒಳ್ಳೇದು. ಮಳೆಗಾಲದಲ್ಲಿ ಬ್ಯಾಟರಿ ಫುಲ್ ಮಾಡ್ಕೊಂಡೇ ಕೂರಿ, ಕರೆಂಟ್ ನಂಬೋ ಹಾಗಿಲ್ಲ. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಆದ್ರೆ ಸಾಮಾನ್ಯವಾಗಿ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತೆ, ಮುಟ್ಟೋಕೆ ಹೋಗ್ಬೇಡಿ. ಡಿಫೆಂಡರನ್ನೂ ಕಿತ್ತುಹಾಕ್ತೀನಿ ಅಂತ ಹೊರಡೋರಿದ್ದಾರೆ. ಆಫ್ ಮಾಡಿದ್ರೂ ಸ್ವಲ್ಪ ಹೊತ್ತಿಗೆ ಅದೇ ಆನ್ ಆಗುತ್ತೆ, ಇರಲಿ ಬಿಡಿ. ಹಾಂ, ಕಾರ್ಡ್ ನಂಬರ್ ಕೊಟ್ಟು ಆಟೋ ರಿನ್ಯೂವಲ್ ಹಾಕಿದ್ರೆ ಆ ಆಂಟಿವೈರಸ್ ಕಂಪನಿಯ ಸೈಟಲ್ಲಿ ನಿಮ್ಮ ಅಕೌಂಟಿಗೆ ಲಾಗಿನ್ ಆಗಿ ಬೇರೆಯಾಗಿ ನಿಲ್ಲಿಸ್ಬೇಕು. ಸಾಫ್ಟ್‌ವೇರ್ ತೆಗೆದ ಮಾತ್ರಕ್ಕೆ ದುಡ್ಡು ಕಟ್ ಆಗೋದು ನಿಲ್ಲಲ್ಲ.