ತಿನ್ನುವುದು ನಾಲ್ಕೇ ಚಮಚವಾದರೂ ಪ್ರೋಟೀನ್ ಸೇರಬೇಕು

ಬೇಳೆ ಬೇಯಿಸಿ, ಮೇಲಿನ ತಿಳಿ ಬಸಿದು ಒಂದು ಲೋಟ ಕುಡಿಸಿದರೆ ಕಾಯಿಲೆಯವರಿಗೆ ಶಕ್ತಿ ಬಂತು ಅಂದುಕೊಳ್ಳುವವರು ಬಹಳ. ಗಂಟಲಿಗೆ ಹಿತ, ಹೊಟ್ಟೆಗೆ ಹಗುರ, ಅದೆಲ್ಲ ಸರಿ. ಆದರೆ ಪ್ರೋಟೀನ್ ಉಳಿದಿರುವುದು ತಳದಲ್ಲಿ ಕೂತ ಬೇಳೆಯಲ್ಲಿ. ತಿಳಿ ಕುಡಿದ ಹೊಟ್ಟೆ ನೀರಿನಿಂದಲೇ ತುಂಬಿಕೊಂಡು ಮುಂದಿನ ಊಟಕ್ಕೂ ಹಸಿವಾಗುವುದಿಲ್ಲ. ಹಾಲು, ಮೊಟ್ಟೆ, ಮಾಂಸ ಯಾವುದೂ ಇಲ್ಲದ ಊಟದಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರು ಮೊದಲು ಬಿಡಬೇಕಾದ ಅಭ್ಯಾಸ ಇದೇ. ಅವರು ತಿನ್ನುವುದೇ ನಾಲ್ಕು ಚಮಚ. ಆ ನಾಲ್ಕು ಚಮಚ ಗಟ್ಟಿಯಾಗಿರಬೇಕು.

ಎಷ್ಟು ಬೇಕು ಅನ್ನುವುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಆರೋಗ್ಯವಾಗಿರುವವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.8 ಗ್ರಾಂ ಪ್ರೋಟೀನ್ ಸಾಕು. ಶಸ್ತ್ರಚಿಕಿತ್ಸೆ, ಕ್ಯಾನ್ಸರ್ ಚಿಕಿತ್ಸೆ, ಬಹುದಿನ ಎಳೆಯುವ ಸೋಂಕು ಇದ್ದಾಗ 1.2ರಿಂದ 1.5 ಗ್ರಾಂವರೆಗೆ ಬೇಕಾಗುತ್ತದೆ. ಅಂದರೆ 60 ಕಿಲೋ ತೂಕದವರಿಗೆ ಕನಿಷ್ಠ 72 ಗ್ರಾಂ. ಕಿಡ್ನಿ ಕಾಯಿಲೆಯಲ್ಲಿ ಮಾತ್ರ ಲೆಕ್ಕ ಬೇರೆ. ಡಯಾಲಿಸಿಸ್ ಶುರುವಾಗದವರಿಗೆ ವೈದ್ಯರು ಸಾಮಾನ್ಯವಾಗಿ 0.6–0.8ಕ್ಕೆ ಇಳಿಸುತ್ತಾರೆ, ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ 1–1.2ಕ್ಕೆ ಏರಿಸುತ್ತಾರೆ. ಹಾಗಾಗಿ ಕಿಡ್ನಿಯವರ ಅಳತೆಯನ್ನು ಕೇಳದೆ ನಿರ್ಧರಿಸಬೇಡಿ. ಲಿವರ್ ಗಟ್ಟಿಯಾದವರಿಗೆ (ಸಿರೋಸಿಸ್) ಪ್ರೋಟೀನ್ ಕೊಡಲೇಬಾರದು ಅನ್ನುವುದು ಹಳೆಯ ಮಾತು. ಅವರಿಗೂ ಈಗ 1.2–1.5 ಗ್ರಾಂ ಹೇಳುತ್ತಾರೆ, ಜೊತೆಗೆ ಮಲಗುವ ಮುಂಚೆ ಏನಾದರೂ ತಿನ್ನಿಸಲು ಹೇಳುತ್ತಾರೆ.

ಲೆಕ್ಕ ತಪ್ಪುವುದು ಹಸಿ ತೂಕಕ್ಕೂ ಬೆಂದ ತೂಕಕ್ಕೂ ಇರುವ ವ್ಯತ್ಯಾಸ ಮರೆತಾಗ. ಒಣ ಬೇಳೆ 100 ಗ್ರಾಂನಲ್ಲಿ 24 ಗ್ರಾಂ ಪ್ರೋಟೀನ್ ಇದ್ದರೆ, ಬೆಂದ ಬೇಳೆ 100 ಗ್ರಾಂನಲ್ಲಿ ಇರುವುದು 9 ಗ್ರಾಂ ಮಾತ್ರ, ಉಳಿದದ್ದರಲ್ಲಿ ಹೆಚ್ಚಿನ ಪಾಲು ನೀರು. ಯಾವಾಗಲೂ ಒಣಗಿದ್ದಾಗಲೇ ತೂಗಿ. ಒಂದು ದಿನದ ಲೆಕ್ಕ ಹೀಗೆ: 60 ಗ್ರಾಂ ಒಣ ಬೇಳೆಯಿಂದ 14 ಗ್ರಾಂ ಪ್ರೋಟೀನ್, 25 ಗ್ರಾಂ ಸೋಯಾ ಚಂಕ್ಸ್‌ನಿಂದ 12, ಗಟ್ಟಿ ತೋಫು (ಸೋಯಾ ಹಾಲಿನ ಪನೀರ್) 100 ಗ್ರಾಂನಿಂದ 12ರ ಆಸುಪಾಸು, ಸೋಯಾ ಹಾಲು ಎರಡು ಲೋಟ (400 ಮಿ.ಲೀ.) ಕುಡಿದರೆ 13, ಎರಡು ದೊಡ್ಡ ಚಮಚ ಕಡಲೆಕಾಯಿ ಪೇಸ್ಟ್‌ನಿಂದ 7, ಓಟ್ಸ್ 50 ಗ್ರಾಂನಿಂದ 6, ಅಕ್ಕಿ 150 ಗ್ರಾಂನಿಂದ 10. ಕೂಡಿಸಿ ನೋಡಿ, 74 ಆಯಿತು. ಬಾದಾಮಿ ಹಾಲನ್ನು ಸೋಯಾ ಹಾಲಿನ ಜಾಗಕ್ಕೆ ಹಾಕಿದರೆ ಲೋಟಕ್ಕೆ 1 ಗ್ರಾಂ ಸಿಕ್ಕರೆ ಹೆಚ್ಚು. ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳಲ್ಲಿ, ಧಾನ್ಯದಲ್ಲಿ ಕಡಿಮೆಯಿರುವ ಲೈಸಿನ್ ಬೇಳೆಯಲ್ಲಿ ಧಾರಾಳ, ಬೇಳೆಯಲ್ಲಿ ಕೊರತೆಯಿರುವ ಮೆಥಿಯೊನಿನ್ ಧಾನ್ಯದಲ್ಲಿದೆ. ಎರಡೂ ಒಂದೇ ತಟ್ಟೆಯಲ್ಲಿ ಇರಲೇಬೇಕೆಂದಿಲ್ಲ, ದಿನದೊಳಗೆ ಹೊಟ್ಟೆ ಸೇರಿದರೆ ಸಾಕು.

ಇಷ್ಟನ್ನೂ ಎರಡು ಹೊತ್ತಿನಲ್ಲಿ ತುರುಕಲು ಹೋದರೆ ವಾಂತಿಯೇ ಗತಿ. ಎರಡೆರಡು ತಾಸಿಗೊಮ್ಮೆ ಸಣ್ಣ ಬಟ್ಟಲು ಕೊಡಿ. ಅದಕ್ಕೆಂದೇ ಗಟ್ಟಿ ಸೂಪ್ ಒಂದನ್ನು ಬೆಳಿಗ್ಗೆಯೇ ಮಾಡಿಡಬಹುದು. 90 ಗ್ರಾಂ ಹೆಸರುಬೇಳೆ ಅಥವಾ ಮಸೂರ್ ಬೇಳೆಯನ್ನು ಅರ್ಧ ಗಂಟೆ ನೆನೆಸಿ, ಆ ನೀರು ಚೆಲ್ಲಿ, 400 ಮಿ.ಲೀ. ಹೊಸ ನೀರಿನಲ್ಲಿ ಬೆರಳಲ್ಲಿ ಒತ್ತಿದರೆ ಕರಗುವಷ್ಟು ಬೇಯಿಸಿ ನುಣ್ಣಗೆ ರುಬ್ಬಿ. ಎರಡು ದೊಡ್ಡ ಚಮಚ ಕಡಲೆಕಾಯಿ ಪೇಸ್ಟನ್ನು ಸ್ವಲ್ಪ ಬಿಸಿ ಬೇಳೆಯಲ್ಲೇ ಕದಡಿ ಸೇರಿಸಿ. ಹಾಗೇ ಹಾಕಿದರೆ ಉಂಡೆಗಟ್ಟಿ ತಳ ಹಿಡಿಯುತ್ತದೆ. ತೆಳ್ಳಗೆ ಮಾಡಲು ನೀರು ಬೇಡ. ಸಕ್ಕರೆ ಹಾಕದ ಸೋಯಾ ಹಾಲು 200 ಮಿ.ಲೀ. ತೆಗೆದುಕೊಂಡು, ಉರಿ ಆರಿಸಿದ ಮೇಲೆ ಬೆರೆಸಿ. ಇದಕ್ಕೆ ನಿಂಬೆರಸ ಬಿದ್ದರೆ ಹಾಲು ಒಡೆದು ಚೂರುಚೂರಾಗುತ್ತದೆ. ಸತ್ವವೇನೂ ಹೋಗದು, ಆದರೆ ಒಡೆದದ್ದನ್ನು ನೋಡಿದ ರೋಗಿ ಬಟ್ಟಲನ್ನು ದೂರ ತಳ್ಳುತ್ತಾರೆ. ಹುಳಿ ಬೇಕೆನಿಸಿದರೆ ಆ ದಿನ ಸೋಯಾ ಹಾಲು ಬಿಟ್ಟು, ಮೆದು ತೋಫು ರುಬ್ಬಿ ಹಾಕಿ. ಚಮಚವನ್ನು ಓರೆ ಮಾಡಿದಾಗ ಸೂಪ್ ಸರಕ್ಕನೆ ಸುರಿಯದೆ ನಿಧಾನವಾಗಿ ಜಾರಬೇಕು, ಅದೇ ಹದ. ಒಟ್ಟು 35 ಗ್ರಾಂ ಹತ್ತಿರ ಪ್ರೋಟೀನ್ ಬರುತ್ತದೆ, ಮೂರು ಬಟ್ಟಲು ಮಾಡಿದರೆ ತಲಾ 12ರ ಹತ್ತಿರ. ಬಾಯಿ ಹುಣ್ಣಾಗಿದ್ದರೆ ಖಾರ, ಹುಳಿ ಎರಡೂ ಬೇಡ, ಉಗುರುಬೆಚ್ಚಗೆ ಕೊಡಿ. ವಾಸನೆಗೆ ಹೊಟ್ಟೆ ತೊಳೆಸುವವರಿಗೆ ತಣ್ಣಗಿರುವುದೇ ಒಗ್ಗುತ್ತದೆ, ಬಿಸಿಯಷ್ಟು ವಾಸನೆ ಏಳುವುದಿಲ್ಲ.

ಸೋಯಾ ಚಂಕ್ಸ್ ಬೇಡವೆನ್ನುವವರು ಬೇಡವೆನ್ನುವುದು ಅದರ ಹಸಿ ವಾಸನೆಗೆ. ಉಪ್ಪು ನೀರಿನಲ್ಲಿ ಐದಾರು ನಿಮಿಷ ಕುದಿಸಿ, ಹಿಂಡಿ, ತಣ್ಣೀರಲ್ಲಿ ಎರಡು ಸಲ ತೊಳೆದು ಮತ್ತೆ ಗಟ್ಟಿಯಾಗಿ ಹಿಂಡಿ. ಒಂದನ್ನು ಮುರಿದು ನೋಡಿ, ನಡುವೆ ಬಿಳಿ ಒಣ ಚುಕ್ಕೆ ಇದ್ದರೆ ಇನ್ನೂ ನೆನೆಯಬೇಕು. ಆಮೇಲೆ ಪುಡಿ ಮಾಡಿ ಯಾವುದರಲ್ಲಿ ಬೆರೆಸಿದರೂ ಗೊತ್ತಾಗುವುದಿಲ್ಲ. ಬಟಾಣಿ ಅಥವಾ ಸೋಯಾ ಪ್ರೋಟೀನ್ ಪುಡಿಯನ್ನು ಬಿಸಿಗೆ ನೇರ ಹಾಕಬೇಡಿ, ಗಂಟಾಗುತ್ತದೆ. ತಣ್ಣನೆಯದರಲ್ಲಿ ಕಲಸಿ ಹಿಟ್ಟಿನಂತೆ ಮಾಡಿಕೊಂಡು ಬೆರೆಸಿ.

ಕಾಳುಗಳ ವಿಷಯದಲ್ಲಿ ಎರಡು ಎಚ್ಚರಿಕೆ. ಕೆಂಪು ರಾಜ್ಮಾವನ್ನು ಐದು ಗಂಟೆಗಿಂತ ಹೆಚ್ಚು ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಅರ್ಧ ಗಂಟೆ ಕೊತಕೊತ ಕುದಿಸಬೇಕು. ಅದರಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಅಂಶ ಮಂದ ಉರಿಗೆ ನಾಶವಾಗುವುದಿಲ್ಲ, ತಿಂದ ಕೆಲವೇ ತಾಸಿನಲ್ಲಿ ವಾಂತಿಭೇದಿ ಹಿಡಿಯುತ್ತದೆ. ಇನ್ನೊಂದು, ಮೊಳಕೆ ಕಾಳು. ಬೆಚ್ಚಗೆ ತೇವದಲ್ಲಿ ಮೊಳಕೆಯ ಜೊತೆ ಬ್ಯಾಕ್ಟೀರಿಯಾವೂ ಬೆಳೆಯುತ್ತದೆ. ಕೀಮೋ ತೆಗೆದುಕೊಳ್ಳುವವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಹಸಿಯಾಗಿ ಕೊಡಲೇಬೇಡಿ, ಚೆನ್ನಾಗಿ ಬೇಯಿಸಿ ಕೊಡಿ. ಗ್ಯಾಸ್ ತೊಂದರೆಗೆ ಕಾಳು ಬಿಟ್ಟುಬಿಡುವುದು ಮದ್ದಲ್ಲ, ಸಿಪ್ಪೆ ತೆಗೆದ ಬೇಳೆಯಿಂದ ಶುರುಮಾಡಿ ಎರಡು ವಾರದಲ್ಲಿ ಸ್ವಲ್ಪಸ್ವಲ್ಪ ಹೆಚ್ಚಿಸಿ. ಪೊಟ್ಯಾಸಿಯಂ ಹೆಚ್ಚಿರುವ ಕಿಡ್ನಿಯವರಿಗೆ ಕಾಳು ಬೇಯಿಸಿದ ನೀರನ್ನೂ ಚೆಲ್ಲಿ.

ಮಾತ್ರೆಗಳ ಜೊತೆ ಊಟದ ಹೊತ್ತು ನೋಡಿಕೊಳ್ಳಿ. ಥೈರಾಯ್ಡ್ ಮಾತ್ರೆ ಬರಿಹೊಟ್ಟೆಗೆ ತೆಗೆದುಕೊಳ್ಳಬೇಕು, ಸೋಯಾ ಪದಾರ್ಥ ಅದಕ್ಕೆ ನಾಲ್ಕು ತಾಸು ದೂರವಿರಲಿ. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಪ್ರೋಟೀನ್ ಜೊತೆ ಹೋದರೆ ಸರಿಯಾಗಿ ಹಿಡಿಯುವುದಿಲ್ಲ, ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡುತ್ತಾರೆ. ಬಿ12 ಮಾತ್ರ ಯಾವ ಬೇಳೆಯಿಂದಲೂ ಸಿಗದು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಅದು ಇನ್ನಷ್ಟು ಕುಸಿಯಬಹುದು. ರಕ್ತ ಪರೀಕ್ಷೆ ಮಾಡಿಸಿ ಮಾತ್ರೆ ತೆಗೆದುಕೊಳ್ಳಲಿ.

ಊಟಕ್ಕೆ ಎಣ್ಣೆ, ಬೀಜಗಳ ಪೇಸ್ಟ್, ಅನ್ನ ಕಡಿಮೆಯಾದರೆ ಕೊಟ್ಟ ಪ್ರೋಟೀನನ್ನೂ ದೇಹ ಉರುವಲಿನಂತೆ ಸುಟ್ಟುಬಿಡುತ್ತದೆ. ಹಾಗಾಗಿ ಬೇಳೆ ಬಟ್ಟಲಿಗೆ ಒಂದು ಚಮಚ ಎಣ್ಣೆ ಬೆರೆಸಲು ಹಿಂಜರಿಯಬೇಡಿ. ಐದು ದಿನಕ್ಕೂ ಮೀರಿ ಹೆಚ್ಚೇನೂ ತಿನ್ನದವರಿಗೆ ಮಾತ್ರ ಒಮ್ಮೆಲೇ ತುಂಬಿ ಬಡಿಸಬಾರದು, ರಕ್ತದ ಲವಣಗಳು ಏರುಪೇರಾಗಿ ಹೃದಯಕ್ಕೇ ಅಪಾಯ. ವೈದ್ಯರ ಕಣ್ಗಾವಲಿನಲ್ಲೇ ಶುರುವಾಗಲಿ. ವಾರಕ್ಕೊಮ್ಮೆ, ಬೆಳಿಗ್ಗೆ ಶೌಚ ಮುಗಿಸಿದ ಮೇಲೆ ತೂಕ ನೋಡಿ ಬರೆದಿಡಿ. ತಿಂಗಳಲ್ಲಿ ನೂರಕ್ಕೆ ಐದರಷ್ಟು ಇಳಿದಿದ್ದರೆ, ಅಂದರೆ 60 ಕಿಲೋ ಇದ್ದವರು 57ಕ್ಕೆ ಬಂದಿದ್ದರೆ, ಆ ಚೀಟಿ ಹಿಡಿದು ಆಹಾರ ತಜ್ಞರ ಬಳಿ ಹೋಗಿ. ಕಾಲು ಊದಿಕೊಂಡವರಲ್ಲಿ ನೀರಿನ ಭಾರ ನಿಜವಾದ ತೂಕವನ್ನು ಮುಚ್ಚಿಡುತ್ತದೆ, ಅವರ ತೋಳಿನ ಸುತ್ತಳತೆಯನ್ನೂ ಟೇಪಿನಿಂದ ಅಳೆದು ಪಕ್ಕದಲ್ಲಿ ಬರೆಯಿರಿ.